ಕಣಗಿಲದ ಮರೆಯಲ್ಲಿ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿಗೆ ಉಗುರು ಅರ್ಧವೇ ಇತ್ತು. ಕಣಗಿಲ ಗಿಡ ಸವರುವಾಗ ಕುಡಗೋಲು ಜಾರಿ ಅರ್ಧ ಹೋಗಿತ್ತಂತೆ. ಉಳಿದ ಅರ್ಧ ದಪ್ಪಗೆ, ಕಪ್ಪಗೆ, ಓರೆಯಾಗಿ ಬೆಳೆದಿತ್ತು. ಮದುವೆಯಾಗಿ ಬಂದ ಮೂರನೇ ದಿನವೇ ಅದರ ರುಚಿ ನನಗೆ ಸಿಕ್ಕಿತು. ರೊಟ್ಟಿ ದಪ್ಪ ತಟ್ಟಿದೆ ಅಂತ ತೋಳು ಚಿವುಟಿದಳು. ಈಗ ನನಗೆ ಮೊಮ್ಮಕ್ಕಳಿದ್ದಾರೆ, ಎಡದೋಳಿನ ಮೇಲೆ ಆ ಗುರುತು ಇನ್ನೂ ಇದೆ.

ನನ್ನ ತವರು ಅಫಜಲಪುರದ ಕಡೆಯ ಗೊಬ್ಬೂರ. ಕೊಟ್ಟದ್ದು ನಿಂಬರ್ಗಾದ ಆಚೆ ಒಂದು ಹಳ್ಳಿಗೆ. ಅದು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ನಮ್ಮ ಸೀಮೆಗೆ ಮಾತ್ರ ಬಂದಿರಲಿಲ್ಲ, ನಾವಿನ್ನೂ ನಿಜಾಮರ ರಾಜ್ಯದಲ್ಲೇ ಇದ್ದೆವು. ಮನೆಯಲ್ಲಿ ಇದ್ದವರು ಗಂಡ, ಅತ್ತೆ, ನಾನು, ಒಂದು ಕರಿ ಆಕಳು. ಮತ್ತೆ ಅಂಗಳದ ಸುತ್ತ ಅತ್ತೆಯ ಪ್ರಾಣವಾದ ಕಣಗಿಲ.

ನಿಜ ಹೇಳಬೇಕು, ಆ ಗಿಡಗಳು ನೋಡುವಂತಿದ್ದವು. ಬೇಸಿಗೆಯಲ್ಲಿ ತೊಗರಿ ಹೊಲ, ಜೋಳದ ಹೊಲ ಎಲ್ಲ ಬೋಳು ಬಿದ್ದಾಗ ಊರಲ್ಲಿ ಹಸಿರು ಅಂತ ಇದ್ದದ್ದು ನಮ್ಮ ಅಂಗಳವೊಂದೇ. ಮಳೆ ಹಿಡಿದಾಗ ಆಕೆ ಬೆರಳು ದಪ್ಪದ ಟೊಂಗೆ ಕಡಿದು, ಬಚ್ಚಲ ನೀರು ಹರಿಯುವ ದಾರಿಗುಂಟ ನೆಡುತ್ತಿದ್ದಳು. ಚಿಗುರು ಗೇಣುದ್ದ ಆದ ಕೂಡಲೇ ತುದಿ ಚಿವುಟುವಳು. ಒಂದು ತುದಿ ಹೋದರೆ ಎರಡು ಒಡೆಯುತ್ತವೆ. ಹಾಗೆ ಚಿವುಟಿ ಚಿವುಟಿ ಆಳೆತ್ತರದ ಗೋಡೆಯನ್ನೇ ಎಬ್ಬಿಸಿದ್ದಳು. "ಚಿವುಟಿದಷ್ಟು ತುಂಬತದ," ಅನ್ನುತ್ತಿದ್ದಳು. ಗಿಡಕ್ಕೂ ಅದೇ ಮಾತು, ನನಗೂ ಅದೇ ಮಾತು.

ಬಾವಿಯಿಂದ ನೀರು ಹೊತ್ತು ತಂದರೆ ಮೊದಲ ಕೊಡ ಗಿಡಕ್ಕೆ. ಬಾಯಾರಿದೆ ಅಂದರೆ, ಗಿಡಕ್ಕೆ ಕೇಳಲು ಬಾಯಿಲ್ಲ, ನಿನಗಿದೆ, ತಡಿ ಅನ್ನುವಳು. ಬಸುರಾದ ಮೇಲೂ ಸೊಂಟದ ಕೊಡ ಇಳಿಯಲಿಲ್ಲ. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಗಿಡ ಸವರಿದ ದಿನದ ಕೆಲಸ. ಕಡಿದ ಟೊಂಗೆ, ಎಲೆ ಒಂದೂ ಬಿಡದೆ ಆರಿಸಿ, ಹೊತ್ತು ಮುಳುಗುವುದರೊಳಗೆ ಹಿತ್ತಲಲ್ಲಿ ಕುಣಿ ತೋಡಿ ಹುಗಿಯಬೇಕು. ಯಾಕೆ ಅಂತ ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ. ದನ ಕಣಗಿಲ ಮೂಸುವುದಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಹಾಗಿರುವಾಗ ಇದು ನನ್ನ ನಡ ಮುರಿಯಲಿಕ್ಕೆ ಹೂಡಿದ ಆಟ ಅಂತಲೇ ತಿಳಿದಿದ್ದೆ.

ಮರುವರ್ಷ ದಿನಗಳು ಕೆಟ್ಟವು. ನಿಜಾಮರ ಕಡೆಯ ಬಂದೂಕು ಹಿಡಿದ ಗಸ್ತಿನವರು ಗಂಡಸರನ್ನು ಹುಡುಕುತ್ತ ಊರೂರು ತಿರುಗತೊಡಗಿದರು. ಹರೆಯದ ಗಂಡಸರು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು, ನನ್ನ ಗಂಡನೂ ಹೋದ. ಅತ್ತೆ ಮನೆ ಬಿಡಲು ಒಪ್ಪಲಿಲ್ಲ. ನನಗೆ ಆಗ ಏಳು ತಿಂಗಳು. ಒಂದು ದಿನ ಬೆಳಿಗ್ಗೆ ಗಿಡ ಸವರಿದ ಅತ್ತೆ ಮಧ್ಯಾಹ್ನ ಜ್ವರ ಬಂದು ಮಲಗಿದಳು. ನಾನು ಟೊಂಗೆ ಹುಗಿಯಲಿಲ್ಲ. ದನಕ್ಕೆ ಮೇವು ಹಾಕುವ ಗ್ವಾದಲಿಯ ಹಿಂದಕ್ಕೆ ಅವನ್ನು ತಳ್ಳಿ, ಮೇಲೆ ನಾಲ್ಕು ಸೂಡು ಜೋಳದ ಒಣದಂಟಿನ ಕಣಕಿ ಎಳೆದು, ಹುಗಿದೆ ಅಂತ ಸುಳ್ಳು ಹೇಳಿದೆ. ಮುದುಕಿಗೆ ಸರಿಯಾಗಿ ಮಾಡಿದೆ ಅಂತ ಒಳಗೊಳಗೇ ಖುಷಿ. ದಿನಾ ಅದೇ ಕಣಕಿ ಎಳೆದು ಆಕಳಿಗೆ ಹಾಕಿದೆ.

ಐದನೇ ದಿನ ಆಕಳು ಹಗ್ಗದಲ್ಲೇ ಸತ್ತು ಬಿದ್ದಿತ್ತು, ಬಾಯಿ ತುಂಬ ನೊರೆ. ಅತ್ತೆ ಎದ್ದು ಬಂದು ಗ್ವಾದಲಿಯಲ್ಲಿ ಕೈಯಾಡಿಸಿ ಒಣಗಿದ ಎಲೆಯೊಂದನ್ನು ತೆಗೆದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಹಸೀದು ದನ ಮುಟ್ಟಂಗಿಲ್ಲ ಬೇ. ಒಣಗಿದ್ದು ಕಣಕಿ ಜೋಡಿ ತಿಂತದ," ಅಂದಳು. ಬೈಯಲಿಲ್ಲ, ಚಿವುಟಲಿಲ್ಲ.

ಹಗ್ಗದಲ್ಲಿ ಸತ್ತ ಆಕಳಿನ ಪಾಪಕ್ಕೆ ಆಗ ಒಂದು ಕಟ್ಟಳೆ ಇತ್ತು. ತಪ್ಪು ಮಾಡಿದವರು ಆ ಹಗ್ಗವನ್ನೇ ಕೊರಳಿಗೆ ಹಾಕಿಕೊಂಡು ಐದು ಮನೆ ಭಿಕ್ಷೆ ಬೇಡಬೇಕು. ಮುಗಿಯುವ ತನಕ ಮನುಷ್ಯರ ಮಾತು ಆಡುವಂತಿಲ್ಲ, ಆಕಳಂತೆ ಅಂಬಾ ಅನ್ನಬೇಕು. ಊರ ಹಿರಿಯರು ಬಂದು ಯಾರ ತಪ್ಪು ಅಂತ ಕೇಳಿದರು. ಅತ್ತೆ, ಜ್ವರದಲ್ಲಿ ಹುಗಿಯುವುದನ್ನು ತಾನೇ ಮರೆತೆ ಅಂತ ಹೇಳಿ ಹಗ್ಗ ಕೈಗೆ ತಗೊಂಡಳು. ಒಳಗೆ ಹೋದ ಮೇಲೆ ನಾನು ಆಕೆಯ ಕಾಲಿಗೆ ಬೀಳಲು ಬಗ್ಗಿದರೆ ಕಾಲು ಹಿಂದಕ್ಕೆ ಎಳೆದುಕೊಂಡಳು.

"ನಿನ್ನ ಸಲುವಾಗಿ ಅಲ್ಲ. ಹೊಟ್ಟ್ಯಾಗಿನ ಕೂಸಿನ ಸಲುವಾಗಿ."

ಊರಲ್ಲಿ ಯಾರ ಮುಂದೂ ತಲೆ ಬಗ್ಗಿಸದ ಹೆಂಗಸು ಮರುದಿನ ಬೆಳಿಗ್ಗೆ ಕೊರಳಲ್ಲಿ ಹಗ್ಗ ಹಾಕಿಕೊಂಡು ಹೊರಟಳು. ಆಕೆಯ ಬಾಯಿಗೆ ಹೆದರುತ್ತಿದ್ದವರೆಲ್ಲ ಬಾಗಿಲಿಗೆ ಬಂದು ನಕ್ಕರು. ಒಬ್ಬಳು ಹಿಟ್ಟಿನ ಬದಲು ಹಿಡಿ ಹುಲ್ಲು ಹಾಕಿದಳಂತೆ. ನಾಲ್ಕು ಮನೆ ಮುಗಿಸಿ ಐದನೆಯದಕ್ಕೆ ನಮ್ಮ ಅಂಗಳದ ಮುಂದೆ ಹಾಯುವಾಗ ಎದುರಿಗೆ ಗಸ್ತಿನವರು ಬಂದರು. ಮಗ ಎಲ್ಲಿ ಅಂತ ಕೇಳಿದರು. ಆಕೆ ಅಂಬಾ ಅಂದಳು. ಮತ್ತೆ ಕೇಳಿದರು, ಮತ್ತೆ ಅಂಬಾ. ಹೊರಗಿನ ಮಂದಿ, ನಮ್ಮ ಕಟ್ಟಳೆ ಅವರಿಗೇನು ಗೊತ್ತು. ಮುದುಕಿ ಚೇಷ್ಟೆ ಮಾಡುತ್ತಾಳೆ ಅಂತ ಒಬ್ಬ ಬಂದೂಕಿನ ಹಿಡಿಯಿಂದ ಎದೆಗೆ ಹೊಡೆದ. ಬಿದ್ದ ಮೇಲೂ ಹೊಡೆದರು. ಓಣಿಯ ಬಾಗಿಲೆಲ್ಲ ಮುಚ್ಚಿದವು.

ನಾನು ಹತ್ತು ಹೆಜ್ಜೆ ದೂರ, ಕಣಗಿಲದ ಈ ಕಡೆ ನಿಂತು ಎಲೆ ಸರಿಸಿ ನೋಡುತ್ತಿದ್ದೆ. ಆಕಳು ಸತ್ತದರಿ, ಅಕಿ ಮಾತಾಡಂಗಿಲ್ಲರಿ ಅಂತ ಒಂದೇ ಮಾತು ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ಅಂಜಿದೆ, ಹೌದು. ಆದರೆ ಅಂಜಿಕೆಯ ಕೆಳಗೆ ಇನ್ನೊಂದಿತ್ತು. ಚಿವುಟಿದವಳಿಗೆ ಬಿತ್ತು ಅನ್ನುವ ಒಂದು ಸಣ್ಣ ಸಮಾಧಾನ. ಆ ಹಾಳು ಸಮಾಧಾನದ ಸುದ್ದಿಯನ್ನು ಇವತ್ತಿನ ತನಕ ಯಾರಿಗೂ ಹೇಳಿಲ್ಲ.

ಅವರು ಹೋದ ಮೇಲೆ ಆಕೆ ಗೋಡೆ ಹಿಡಿದು ಎದ್ದು, ಐದನೇ ಮನೆಯ ಭಿಕ್ಷೆ ಮುಗಿಸಿಯೇ ಬಂದಳು. ಒಂಬತ್ತು ದಿನ ರಕ್ತ ಕೆಮ್ಮಿದಳು. ಹತ್ತನೇ ದಿನ ಮಧ್ಯಾಹ್ನ ಹತ್ತಿರ ಕರೆದು, ಗ್ವಾದಲಿ ಹಿಂದಿನ ಟೊಂಗೆ ಹುಗಿದೆಯಾ ಅಂತ ಕೇಳಿದಳು. ಹುಗದೀನ್ರಿ ಅತ್ತಿ ಅಂದೆ. ಈ ಸಲ ಅದು ಸುಳ್ಳಾಗಿರಲಿಲ್ಲ. ಅರ್ಧ ಉಗುರಿನ ಬೆರಳು ನನ್ನ ತೋಳಿನ ಮೇಲೆ ಬಂತು. ಚಿವುಟಲು ಅದರಲ್ಲಿ ಶಕ್ತಿ ಇರಲಿಲ್ಲ.

"ಅವತ್ತ ಗಿಡದ ಹಿಂದ ನಿಂತಿದ್ದಿ," ಅಂದಳು. "ಸೀರಿ ಕಾಣತಿತ್ತು."

ಸಂಜೆಗೆ ಹೋದಳು. ಗಂಡ ತಿರುಗಿ ಬಂದಾಗ ನಾನು ಬಂದೂಕಿನವರನ್ನು ಬೈದು ಬೈದು ಎಲ್ಲ ಹೇಳಿದೆ, ನಾನು ನಿಂತ ಜಾಗವೊಂದನ್ನು ಬಿಟ್ಟು. ಆ ಗಿಡ ಇವತ್ತಿಗೂ ನಾನೇ ಸವರುತ್ತೇನೆ, ಕಡಿದದ್ದನ್ನು ಹೊತ್ತು ಮುಳುಗುವುದರೊಳಗೆ ಹುಗಿಯುತ್ತೇನೆ. ಮಾತಾಡಬಾರದು ಅನ್ನುವ ಕಟ್ಟು ಇದ್ದದ್ದು ಆಕೆಗೆ. ನನಗಿರಲಿಲ್ಲ.