ಬಹುಶಃ ಎಂದವನ ಪಾಲು

ನಾನೂ ಹೆಂಡತಿಯೂ ಬೇರೆಯಾದ ಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ಮಲಪನಗುಡಿಯಲ್ಲಿ ಜಂಟಿ ಹೆಸರಿನಲ್ಲಿ ಕಟ್ಟಿಸಿದ ಮನೆ, ಮತ್ತು ಆ ಮನೆಗಾಗಿ ಹೊಸಪೇಟೆಯ ಬ್ಯಾಂಕಿನಲ್ಲಿ ಅಡವಿಟ್ಟ ಅವಳ ತಾಯಿಯ ಚಿನ್ನದ ಅವಲಕ್ಕಿ ಸರ. ಮನೆ ಮಾರಿ ಸಮವಾಗಿ ಹಂಚಿಕೊಳ್ಳಲು ಇಬ್ಬರೂ ಒಪ್ಪಿದ್ದೆವು. ಸರ ಬಿಡಿಸುವ ಸಾಲ ಯಾರದು ಎಂಬ ಜಗಳಕ್ಕೆ ಕಂಪ್ಲಿಯ ಅವಳ ಸೋದರಮಾವನ ಮನೆಯಲ್ಲಿ ಕೂತೆವು. ನನಗೆ ಕೊಟ್ಟ ಚಹಾಕ್ಕೆ ಸಕ್ಕರೆ ಇರಲಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ, ಇವತ್ತಿಗೂ ತಿಳಿಯದು.

ಅವಳೇ ಬಿಚ್ಚಿ ಕೊಟ್ಟಿದ್ದರೆ ಸಾಲ ಇಬ್ಬರದು; ನಾನು ಕೇಳಿ ಇಸಿದುಕೊಂಡಿದ್ದರೆ ನನ್ನೊಬ್ಬನದು. ಮಾವ ಹಾಕಿದ ಲೆಕ್ಕ ಅದು.

"ಎಲ್ಲಿ ಕೊಟ್ಲು, ಅಳಿಯಂದ್ರ?"

"ಹಂಪಿಯೊಳಗ. ಸಂಜಿ ಮುಂದ ಹೊಳಿ ದಂಡಿಗೆ ಕುಂತಿದ್ವಿ. ‘ತಗೋರಿ, ಮನಿ ಆಗ್ಲಿ’ ಅಂತ ಬಿಚ್ಚಿ ಕೊಟ್ಲು."

ಅವಳು ನಕ್ಕಳು. "ಹಂಪಿಗೆ ಹೋದಾಗ ಸರ ಬ್ಯಾಂಕಿನ್ಯಾಗಿತ್ತು. ನೀವು ಕೇಳಿದ್ದು ನಾವಿದ್ದ ದೋಣಿಮಲೈ ಕ್ವಾರ್ಟರ್ಸ್‌ನ್ಯಾಗ, ನಾ ರೊಟ್ಟಿ ಬಡಿಯಾಕತ್ತಿದ್ದೆ. ಕೈಯೆಲ್ಲ ಹಿಟ್ಟಾಗಿತ್ತು. ನೀವ ಹಿಂದ ನಿಂತು ಬಿಚ್ಚಿಕೊಂಡ್ರಿ."

ಆ ಮಾತು ಕೇಳಿದ ಕೂಡಲೇ ಜೋಳದ ಹಿಟ್ಟಿನ ವಾಸನೆ ಬಂತು. ಅದು ನೆನಪೋ, ಅವಳು ಹೇಳಿದ್ದಕ್ಕೆ ಆ ಗಳಿಗೆಯಲ್ಲೇ ಹುಟ್ಟಿದ್ದೋ?

"ಹೌದೇನ್ರಿ?" ಎಂದರು ಮಾವ.

"ಬಹುಶಃ," ಎಂದೆ.

"ಬಹುಶಃ ಅಂದ್ರ ಹೌದೋ, ಅಲ್ಲೋ? ನೀವು ಕಲಿತ ಯೂನಿವರ್ಸಿಟಿಯಾಗ ಏನಂತ ಹೇಳಿಕೊಟ್ಟಾರ?"

"ಹೌದು ಅನ್ನಾಕ ನಾಲಿಗಿ ಹೊಳ್ಳಲ್ದವರು ಹಂಗ ಅಂತಾರ, ಮಾಮ," ಎಂದಳು ಅವಳು. "ತಾಳಿ ಕಟ್ಟುವಾಗ್ಲೂ ಬಹುಶಃ ಅಂತಾನ ಕಟ್ಟಿರಬೇಕು."

"ಅಷ್ಟು ಖಾತ್ರಿ ಇದ್ದಾಕಿ ನೀನ್ಯಾಕ ಕೊರಳು ಕೊಟ್ಟಿ?" ಎಂದೆ.

"ತಪ್ಪಾತು. ಈಗ ಬಿಡಿಸಿ ಕೊಡ್ರಿ."

ಸಾಲ ನನ್ನ ಪಾಲಿಗೆ ಬಂತು.

ಮನೆ ಮಾರಿದ ಮೇಲೆ ನನ್ನ ಅರ್ಧದಲ್ಲಿ ಸಾಲ ತೀರಿಸಿದೆ. ಬ್ಯಾಂಕಿನವರು ಸರ ಕೊಟ್ಟಾಗ ಅವಳು ಅಲ್ಲೇ ನಿಂತು ಹಾಕಿಕೊಳ್ಳಲು ನೋಡಿದಳು. ಕತ್ತಿನ ಹಿಂದೆ ಕೂರುವ ಸಣ್ಣ ತಿರುಪು. ಎರಡೂ ಕೈ ಹಿಂದೆ ಚಾಚಿದರೂ ಸಿಗಲಿಲ್ಲ. ಮತ್ತೆ ಹಾಕಲು ಹೋದಳು, ಜಾರಿತು. ಒಬ್ಬಳಿಂದ ಆಗದ ಕೆಲಸ ಅದು. ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ತಿರುಪು ಬಿಗಿಯಾಗಿರಬಹುದು ಎಂದೂ ಅಂದುಕೊಂಡೆ.

"ಹಾಕ್ಲೇನು?"

"ಬ್ಯಾಡ. ನಿಮ್ಮ ಕೈಗೆ ಬಿಚ್ಚೋದಷ್ಟ ಗೊತ್ತೈತಿ."

ಸರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕಂಪ್ಲಿ ಬಸ್ಸು ಹತ್ತಿದಳು. ಹಂಪಿಯ ಆ ಸಂಜೆ ಮಾತ್ರ ನನ್ನಲ್ಲಿ ಇನ್ನೂ ಬದಲಾಗಿಲ್ಲ. ಅದರಲ್ಲಿ ಅವಳು ಒಂದೇ ಕೈಯಲ್ಲಿ, ಸಲೀಸಾಗಿ ಸರ ಬಿಚ್ಚುತ್ತಾಳೆ.