ಮೇಣದ ತುಂಡಿನಲ್ಲಿ ದೇವೀರಮ್ಮನಿಗೆ ಕೇಳಿಸಿದ್ದು

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ಮೊದಲು ನಗುತ್ತಿದ್ದವಳು ನಾನೇ. ದೆವ್ವ, ಮಾಟ, ಮೈಮೇಲೆ ಬರುವುದು ಎಂದು ಯಾರಾದರೂ ಬಾಯಿ ತೆಗೆದರೆ ಸಾಕು, "ಹೌದಾ? ಅದರದ್ದೊಂದು ಚೂರು ಕತ್ತರಿಸಿ ತನ್ನಿ, ಗಾಜಿನ ಮೇಲಿಟ್ಟು ನೋಡಿ ಹೇಳ್ತೀನಿ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಪೆಥಾಲಜಿ ಓದಿದವಳು ಎಂಬ ಜಂಬ ಬೇರೆ. ದೆವ್ವದ ಕಥೆಗಳೆಲ್ಲ ಅಮಾವಾಸ್ಯೆಯ ರಾತ್ರಿ ನಡೆಯುತ್ತವಂತೆ. ನನಗಾದ ಅನುಭವ ಮಟಮಟ ಮಧ್ಯಾಹ್ನದ್ದು, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ನಾನು ಚೆನ್ನಾಗಿ ಊಟ ಮಾಡಿದ್ದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳದೆ ಇದ್ದದ್ದು ನಗುತ್ತಾರೆಂಬ ಹೆದರಿಕೆಯಿಂದ ಮಾತ್ರ ಅಲ್ಲ. ಮಿಕ್ಕ ಕಾರಣ ಓದುತ್ತಾ ನಿಮಗೇ ತಿಳಿಯುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ತಿಪಟೂರಿನಲ್ಲಿ, ಕೊಬ್ಬರಿ ಮಂಡಿಗಳ ಬೀದಿಯಲ್ಲಿ, ಎರಡು ಕೋಣೆ ಬಾಡಿಗೆ ಹಿಡಿದು ನಾನು ಲ್ಯಾಬು ಇಟ್ಟಿದ್ದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಡಾಕ್ಟರುಗಳು ಗಂಟು ಗಡ್ಡೆ ತೆಗೆದರೆ ಅದರ ಚೂರು ನನ್ನ ಹತ್ತಿರ ಬರುತ್ತಿತ್ತು. ಬಂದ ಚೂರನ್ನು ಕೆಡದಂತೆ ಫಾರ್ಮಲಿನ್‌ನಲ್ಲಿ ನೆನೆಹಾಕಿ, ನೀರಿನ ಅಂಶ ತೆಗೆದು, ಬಿಸಿ ಮೇಣದಲ್ಲಿ ಮುಳುಗಿಸಿ ಗಟ್ಟಿ ಮಾಡುವುದು. ಆ ಮೇಣದ ತುಂಡಿಗೆ ಬ್ಲಾಕು ಎನ್ನುತ್ತೇವೆ, ಬೆಂಕಿಪೊಟ್ಟಣದ ಅರ್ಧದಷ್ಟು ಇರುತ್ತದೆ. ಅದನ್ನು ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲೆ ಕೂರಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಕ್ಯಾನ್ಸರೋ ಅಲ್ಲವೋ ಎಂದು ಬರೆದು ರುಜು ಹಾಕುವುದು. ಬ್ಲಾಕಿಗೆ ಹೆಸರಿರುವುದಿಲ್ಲ, ಮೇಣದೊಳಗೆ ಒಂದು ನಂಬರಿನ ಚೀಟಿ ಅಷ್ಟೆ.

ಬಣ್ಣ ನೋಡಿ ಹೇಳಲಾಗದ ಚೂರುಗಳೂ ಇರುತ್ತವೆ. ಕತ್ತಿನ ಗ್ರಂಥಿಗಳದು ಅದೇ ಗೋಳು. ಸೋಂಕಿಗೆ ಊದಿಕೊಂಡ ಗ್ರಂಥಿಯೂ ಕ್ಯಾನ್ಸರಿನ ಗ್ರಂಥಿಯೂ ಕೆಲವೊಮ್ಮೆ ಅಕ್ಕತಂಗಿಯರಂತೆ ಕಾಣುತ್ತವೆ. ಆಗ ಹೊಸದಾಗಿ ಬಂದಿದ್ದ ವಿಧಾನವೆಂದರೆ ಪ್ರೋಟೀನಿನ ಗುರುತು ಹಿಡಿಯುವುದು. ಗ್ರಂಥಿಯ ಜೀವಕೋಶಗಳು ಎರಡು ಬಗೆಯ ಪ್ರೋಟೀನು ಮಾಡುತ್ತವೆ. ಒಳ್ಳೆಯ ಗ್ರಂಥಿಯಲ್ಲಿ ಎರಡೂ ಬೆರೆತಿರುತ್ತವೆ. ಎಲ್ಲ ಕೋಶಗಳೂ ಒಂದೇ ಬಗೆಯದನ್ನು ಮಾಡುತ್ತಿದ್ದರೆ ಅವೆಲ್ಲ ಒಂದೇ ಕೆಟ್ಟ ಕೋಶದ ಸಂತಾನ, ಅಲ್ಲಿಗೆ ಕ್ಯಾನ್ಸರು. ಆ ಪ್ರೋಟೀನಿಗೆ ಮಾತ್ರ ಅಂಟುವ ದ್ರಾವಣ ಹಾಕಿದರೆ ಅದಿರುವ ಕೋಶಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ದ್ರಾವಣ ಹೊರದೇಶದಿಂದ ಐಸಿನಲ್ಲಿ ಬರಬೇಕು, ಚಿನ್ನಕ್ಕಿಂತ ತುಟ್ಟಿ. ಬೆಂಗಳೂರಿನಲ್ಲಿದ್ದ ನನ್ನ ಗುರುಗಳು ನನ್ನ ಮೇಲಿನ ವಿಶ್ವಾಸಕ್ಕೆ ತಿಂಗಳಿಗೆ ಒಂದೇ ಒಂದು ಬ್ಲಾಕು ನೋಡಿಕೊಡಲು ಒಪ್ಪಿದ್ದರು. ಎರಡನೆಯದು ಕೇಳುವ ಹಾಗಿರಲಿಲ್ಲ.

ಆ ತಿಂಗಳು ನನ್ನಲ್ಲಿ ಅನುಮಾನದ ಗ್ರಂಥಿಗಳು ಎರಡಿದ್ದವು. ಒಂದು ಹಂದನಕೆರೆಯ ಅಂಗಡಿಯವರೊಬ್ಬರದು. ಇನ್ನೊಂದು ದಂಡಿನಶಿವರದ ಸುಶೀಲ ಎಂಬ ಹುಡುಗಿಯದು. ಹತ್ತೊಂಬತ್ತು ವರ್ಷ, ಕತ್ತಿನಲ್ಲಿ ನಿಂಬೆಕಾಯಿ ಗಾತ್ರದ ಗಂಟು. ಮಾಯಸಂದ್ರದ ಕಡೆ ಗಂಡು ಗೊತ್ತಾಗಿ, ಲಗ್ನಕ್ಕೆ ಇನ್ನು ಮೂರು ವಾರವಿತ್ತು. ಗಂಟಿನ ಸುದ್ದಿ ಕಿವಿಗೆ ಬಿದ್ದ ಗಂಡಿನ ಮನೆಯವರು, ಡಾಕ್ಟರ ಕೈಯಿಂದ ಏನೂ ಇಲ್ಲ ಎಂದು ಬರೆಸಿಕೊಂಡು ಬಂದರೇ ಮುಂದಿನ ಮಾತು ಎಂದಿದ್ದರು. ನನಗೆ ಅದು ಸೋಂಕಿನ ಊತವೆಂದೇ ಅನ್ನಿಸಿತ್ತು. ಆದರೂ ಮದುವೆಯ ಪ್ರಶ್ನೆ. ಅವಳ ಬ್ಲಾಕನ್ನೇ ಕಳಿಸುವುದು, ಫಲಿತಾಂಶ ಬೇಗ ಕೊಡಿ ಎಂದು ಗುರುಗಳ ಕೈಕಾಲು ಹಿಡಿಯುವುದು, ಅಲ್ಲಿಯವರೆಗೆ ಲಗ್ನ ಮುಂದಕ್ಕೆ ಹಾಕಿಸುವುದು ಎಂದು ತೀರ್ಮಾನಿಸಿದ್ದೆ. ಪಾರ್ಸೆಲ್ಲು ಅವತ್ತು ಸಂಜೆಯ ಬಸ್ಸಿಗೆ ಹೋಗಬೇಕಿತ್ತು.

ಅವತ್ತು ಮಧ್ಯಾಹ್ನ ಸುಶೀಲಳ ತಾಯಿ ದೇವೀರಮ್ಮ ಬಂದಳು. ಗಂಡ ಇಲ್ಲದ ಹೆಂಗಸು. ನಮ್ಮ ಬೀದಿಯ ಮಂಡಿಯೊಂದರಲ್ಲಿ ಕಾಯಿ ಆರಿಸುವ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ನಮ್ಮ ಕಡೆ ತೆಂಗಿನಕಾಯಿಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗುಂಡಗೆ ನಿಲ್ಲುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳ್ಳೆಯದು ಒಂದು ಥರ ಸದ್ದು ಮಾಡುತ್ತದೆ, ಒಳಗೆ ಕೆಟ್ಟು ಕೌಟಾದದ್ದು ಇನ್ನೊಂದು ಥರ. ಒಡೆಯದೆಯೇ ಬಲಕ್ಕೆ ಒಳ್ಳೆಯದು, ಎಡಕ್ಕೆ ಕೌಟು ಎಂದು ರಾಶಿ ಹಾಕುತ್ತಾ ಹೋಗುವುದೇ ಅವಳ ಕೆಲಸ. ಹದಿನಾಲ್ಕನೆಯ ವಯಸ್ಸಿನಿಂದ ಅದನ್ನೇ ಮಾಡಿದವಳು.

ನನ್ನ ಬೀರುವಿಗೆ ಗೆದ್ದಲು ಹತ್ತಿತ್ತು. ಹಳೆಯ ಬ್ಲಾಕುಗಳನ್ನೆಲ್ಲ ಪೇಪರಿನ ಮೇಲೆ ಸುರಿದುಕೊಂಡು ಕೂತಿದ್ದೆ. "ಏನಾಯ್ತು ಡಾಕ್ಟ್ರಮ್ಮ ನಮ್ಮ ಸುಶೀಲಂದು? ಗಂಡಿನ ಕಡೇರು ಒಂದೇ ಸಮ ಕೇಳ್ತಾವ್ರೆ" ಎಂದು ಅವಳು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಸ್ವಲ್ಪ ತಡೆಯಮ್ಮ ಎಂದು ನಾನು ಚೀಟಿಗಳನ್ನು ಒರೆಸುತ್ತಿದ್ದೆ. ಅವಳು ಮಗಳ ಸೀರೆ, ಛತ್ರ, ಬೀಗರ ಬಿಂಕ ಎಂದೆಲ್ಲ ಹೇಳುತ್ತಾ ಹೋದಳು. ಮಾತಾಡುತ್ತಿದ್ದವಳ ಕೈ ಸುಮ್ಮನಿರಲಿಲ್ಲ. ಒಂದೊಂದೇ ಬ್ಲಾಕು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಕೆಲವನ್ನು ಬಲಕ್ಕೆ, ಕೆಲವನ್ನು ಎಡಕ್ಕೆ ಇಡುತ್ತಿದ್ದಳು.

ನೋಡಿದ್ದೇ ನನಗೆ ರೇಗಿತು. "ಏನಮ್ಮ ಅದು, ಕೊಬ್ಬರಿ ಅಂದ್ಕೊಂಡ್ಯಾ? ಇಡು ಕೆಳಗೆ!" ಎಂದು ಗದರಿದೆ. ಅವಳು ಬೆಚ್ಚಿ, "ಅಯ್ಯೋ, ಕೈ ಅಭ್ಯಾಸ ಕಣ್ರಮ್ಮ" ಎಂದು ಸೆರಗಿಗೆ ಕೈ ಒರೆಸಿಕೊಂಡಳು. ಎರಡು ರಾಶಿಗಳನ್ನೂ ಗೊಣಗುತ್ತಾ ಬಾಚಿಕೊಳ್ಳಲು ಹೋದ ನಾನು ಎಡಗಡೆಯ ನಂಬರುಗಳ ಮೇಲೆ ಕಣ್ಣಾಡಿಸಿದೆ. ಮೂರು ನಂಬರು ನನಗೆ ನೆನಪಿದ್ದವು, ಮೂರೂ ಸತ್ತವರದು. ರಿಜಿಸ್ಟರು ತೆಗೆದು ಮಿಕ್ಕದ್ದನ್ನೂ ನೋಡಿದೆ. ಎಡಗಡೆ ಇದ್ದವೆಲ್ಲ ಕ್ಯಾನ್ಸರು. ಬಲಗಡೆ ಒಂದೂ ಅಲ್ಲ.

ಬ್ಲಾಕಿನೊಳಗೆ ಅಲ್ಲಾಡುವಂಥದ್ದು ಏನೂ ಇರುವುದಿಲ್ಲ, ಅದು ಗಟ್ಟಿ ಮೇಣ. ಕಾಕತಾಳೀಯವೆಂದುಕೊಂಡೆ. ಇನ್ನೂ ಒಂದು ತಟ್ಟೆ ತುಂಬ ತಂದು ಸುರಿದು, "ಇವನ್ನೂ ಆರಿಸು ನೋಡೋಣ" ಎಂದೆ. ತಮಾಷೆಗೆಂದು ಕೊಟ್ಟೆ ಎಂದರೆ ಸುಳ್ಳಾಗುತ್ತದೆ. ಅವಳು ಎಲ್ಲಾದರೂ ತಪ್ಪಲಿ, ಒಂದು ಕಡೆ ತಪ್ಪಲಿ ಎಂದು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅವಳು ಅರ್ಧ ನನ್ನ ಮುಲಾಜಿಗೆ, ಅರ್ಧ ಸಂಕೋಚದಲ್ಲಿ ನಗುತ್ತಾ ಅಲ್ಲಾಡಿಸಿದಳು. ಒಂದೂ ತಪ್ಪಲಿಲ್ಲ. ನನಗೆ ಕೆಟ್ಟ ಸಿಟ್ಟು ಬಂತು. ಹನ್ನೊಂದು ವರ್ಷ ಓದಿ, ಕಣ್ಣು ಕೆಡಿಸಿಕೊಂಡು ಕಲಿತದ್ದನ್ನು ಈ ಹೆಂಗಸು ಎಲೆ ಅಡಿಕೆ ಜಗಿಯುತ್ತಾ ಮಾಡುತ್ತಿದ್ದಾಳೆ! ಆ ಸಿಟ್ಟಿನಲ್ಲಿ ನಾನು ಮಾಡಿದ ಕೆಲಸವನ್ನು ಮನುಷ್ಯರಾದವರು ಮಾಡುವುದಿಲ್ಲ. ಪಾರ್ಸೆಲ್ಲಿಗೆಂದು ಹತ್ತಿಯಲ್ಲಿ ಸುತ್ತಿಟ್ಟಿದ್ದ ಸುಶೀಲಳ ಬ್ಲಾಕನ್ನು ಬಿಚ್ಚಿ ಅವಳ ಕೈಗೆ ಕೊಟ್ಟೆ. ಯಾರದೆಂದು ಹೇಳಲಿಲ್ಲ.

ದೇವೀರಮ್ಮ ಅಲ್ಲಾಡಿಸಿದಳು. ಇನ್ನೊಂದು ಸಲ ಅಲ್ಲಾಡಿಸಿದಳು. ಅಲ್ಲಿಯವರೆಗೆ ಯಾವುದನ್ನೂ ಎರಡು ಸಲ ಅಲ್ಲಾಡಿಸಿರಲಿಲ್ಲ. ನಗು ನಿಂತಿತು. "ಕೌಟು ಕಣ್ರಮ್ಮ ಇದು" ಎಂದು ಎಡಕ್ಕೆ ಇಟ್ಟು, "ಯಾರ್ದು?" ಎಂದಳು.

"ಯಾರದೋ. ಹಾಸನದ ಕಡೆಯವರದು" ಎಂದೆ.

"ಹಾಸನದೋರ್ದಾ?" ಎಂದು ಅವಳು ನನ್ನ ಮುಖವನ್ನೇ ನೋಡಿದಳು. "ಅಯ್ಯೋ ಪಾಪ. ಹೆತ್ತೋರಿಗೆ ಬೇಗ ಹೇಳ್ಬುಡಿ. ಮುಚ್ಚಿಡಬೇಡಿ." ಅಷ್ಟು ಹೇಳಿ ಕೈ ತೊಳೆಯಲು ಹಿತ್ತಲಿಗೆ ಹೋದಳು.

ಅವಳು ವಾಪಸು ಬರುವಷ್ಟರಲ್ಲಿ ನಾನು ಗಟ್ಟಿಯಾಗಿದ್ದೆ. ಮೊದಲೇ ಕಳಿಸಬೇಕೆಂದಿದ್ದರೂ ಈಗ ಈ ಬ್ಲಾಕು ಕಳಿಸಿದರೆ, ಕೊಬ್ಬರಿ ಆರಿಸುವವಳು ಅಲ್ಲಾಡಿಸಿ ಹೇಳಿದಳೆಂದು ಕಳಿಸಿದ ಹಾಗಾಗುತ್ತದೆ. ಗುರುಗಳಿಗೆ ಗೊತ್ತಾಗುವುದಿಲ್ಲ, ಆದರೆ ನನಗೆ ಗೊತ್ತಿರುತ್ತದಲ್ಲ! ನನ್ನ ಕಣ್ಣಿಗೆ ಕಂಡದ್ದು ಸೋಂಕಿನ ಊತ, ಅದನ್ನೇ ನಂಬಬೇಕು ಎಂದು ಹಟ ಹಿಡಿದೆ. ಸುಶೀಲಳ ಬ್ಲಾಕನ್ನು ಬೀರುವಿಗೆ ಹಾಕಿ, ಹಂದನಕೆರೆಯವರದನ್ನು ಹತ್ತಿಯಲ್ಲಿ ಸುತ್ತಿದೆ. ಆಮೇಲೆ ಟೈಪ್‌ರೈಟರಿನ ಮುಂದೆ ಕೂತು, ಕ್ಯಾನ್ಸರಿನ ಲಕ್ಷಣಗಳಿಲ್ಲ ಎಂದು ಹೊಡೆದು, ರುಜು ಹಾಕಿ ದೇವೀರಮ್ಮನ ಕೈಗಿತ್ತೆ. ಅವಳು ಕಾಗದವನ್ನು ಕಣ್ಣಿಗೊತ್ತಿಕೊಂಡಳು. ನನ್ನ ಕಾಲಿಗೂ ಬೀಳಲು ಬಂದಳು, ನಾನು ತಡೆದೆ.

ಮದುವೆ ನಡೆಯಿತು. ನನಗೂ ಕರೆ ಬಂದಿತ್ತು, ಹೋಗಲಿಲ್ಲ. ಹಂದನಕೆರೆಯವರ ಫಲಿತಾಂಶ ಬಂತು, ಎರಡೂ ಪ್ರೋಟೀನು ಬೆರೆತಿವೆ, ಭಯವಿಲ್ಲ. ಮುಂದಿನ ತಿಂಗಳು ಸುಶೀಲಳದನ್ನು ಕಳಿಸಿದೆ. ಏಕೆ ಕಳಿಸಿದೆ ಎಂದು ಕೇಳಬೇಡಿ, ನಿದ್ದೆ ಬರುತ್ತಿರಲಿಲ್ಲ. ಉತ್ತರ ಬರುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಗುರುಗಳು ತಮ್ಮ ಕೈಯಲ್ಲೇ ಬರೆದಿದ್ದರು: ಎಲ್ಲ ಕೋಶಗಳೂ ಒಂದೇ ಪ್ರೋಟೀನು, ಅನುಮಾನವೇ ಇಲ್ಲ, ಇದನ್ನು ಮೊದಲೇ ಏಕೆ ಕಳಿಸಲಿಲ್ಲ?

ಅದೇ ವಾರ ದೇವೀರಮ್ಮ ಮಗಳನ್ನು ಕರೆದುಕೊಂಡು ಬಂದಳು. ಕತ್ತಿನ ಎರಡೂ ಕಡೆ ಗಂಟು, ಕಂಕುಳಲ್ಲೂ ಗಂಟು. ಇಷ್ಟು ದಿನ ನಿಧಾನವಾಗಿದ್ದದ್ದು ಒಮ್ಮೆಗೇ ತಿರುಗಿಬಿದ್ದಿತ್ತು. ಸುಳ್ಳು ಕಾಗದ ತೋರಿಸಿ ರೋಗದ ಹೆಣ್ಣನ್ನು ಕಟ್ಟಿದಿರಿ ಎಂದು ಗಂಡನ ಮನೆಯವರು ತಾಳಿ ಒಂದನ್ನು ಬಿಟ್ಟು ಮಿಕ್ಕ ಒಡವೆ ಬಿಚ್ಚಿಸಿಕೊಂಡು ಬಸ್ಸು ಹತ್ತಿಸಿದ್ದರು. ಹುಡುಗಿ ನನ್ನ ಲ್ಯಾಬಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಬೆಂಗಳೂರಿಗೆ ನಾನೇ ಕಳಿಸಿದೆ. ಔಷಧಿ ಕೊಟ್ಟರು, ಕೂದಲು ಹೋಯಿತು, ದೀಪಾವಳಿಗೆ ಮುಂಚೆ ಅವಳೂ ಹೋದಳು. ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳೇ? ಆಗಿನ ಔಷಧಿಯಲ್ಲೂ ಉಳಿದವರಿದ್ದರು. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ.

ದೇವೀರಮ್ಮನಿಗೆ ಅದು ಹೇಗೆ ಗೊತ್ತಾಯಿತು ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ. ತೂಕವಿರಬಹುದೇ ಎಂದು ತಕ್ಕಡಿಯಲ್ಲಿಟ್ಟು ನೋಡಿದೆ, ಹೊಂದಲಿಲ್ಲ. ಬಣ್ಣವೇ ಎಂದರೆ ಮೇಣವೆಲ್ಲ ಒಂದೇ ಬಣ್ಣ. ಅವಳಿಗೆ ನಂಬರು ಓದಲು ಬರುತ್ತಿರಲಿಲ್ಲ. ನನ್ನ ಮುಖ ನೋಡಿ ಹೇಳಿದಳು ಎನ್ನೋಣವೆಂದರೆ, ಹಳೆಯ ಬ್ಲಾಕುಗಳಲ್ಲಿ ಆ ಮೂರನ್ನು ಬಿಟ್ಟು ಮಿಕ್ಕವು ಯಾರದೆಂದು ರಿಜಿಸ್ಟರು ನೋಡದೆ ನನಗೇ ಗೊತ್ತಿರಲಿಲ್ಲ. ಸುಶೀಲಳದರ ವಿಷಯದಲ್ಲಂತೂ ನನ್ನ ಮುಖ ಒಳ್ಳೆಯದೆಂದೇ ಹೇಳಬೇಕಿತ್ತು, ನಾನು ನಂಬಿದ್ದೇ ಹಾಗೆ. ಬಾಗಿಲು ಹಾಕಿಕೊಂಡು ನಾನೂ ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿದ್ದೇನೆ, ನೀವು ನಕ್ಕರೂ ಚಿಂತೆಯಿಲ್ಲ. ಬೀದಿಯ ಲಾರಿಗಳ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

ಮಗಳ ಹನ್ನೊಂದನೆಯ ದಿನ ಮುಗಿಸಿ ದೇವೀರಮ್ಮ ಒಂದು ಸಲ ಬಂದಳು. ಆಸ್ಪತ್ರೆಯ ಕಾಗದಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದಂತೆ, ನನಗೆ ಕೊಟ್ಟು ಹೋಗಲು ಬಂದಿದ್ದಳು. ಕೊಟ್ಟ ಮೇಲೂ ಎದ್ದೇಳಲಿಲ್ಲ.

"ಅವತ್ತು ಕೊನೇಲಿ ಕೊಟ್ರಲ್ಲ, ಅದು ನಮ್ಮ ಮಗೀದೇ ಅಂತ ಅಲ್ಲಾಡಿಸಿದೇಟ್ಗೇ ಗೊತ್ತಾಗಿತ್ತು ನಂಗೆ" ಎಂದಳು.

ಮತ್ತೆ ಏಕೆ ಸುಮ್ಮನಿದ್ದೆ ಎಂದು ಕೇಳಿದೆ.

"ನೀವು ಹಾಸನದೋರ್ದು ಅಂದ್ರಲ್ಲ. ಓದಿದೋರು ನೀವು, ನಿಮ್ಗಿಂತ ನನ್ನ ಕಿವಿ ದೊಡ್ಡದಾ ಅಂತ ನಂಬ್ಕಂಡೆ. ನಂಬಕ್ಕೂ ಆಸೆ ಇತ್ತು ಬುಡಿ." ಆಮೇಲೆ ಅವಳೇ ಕೇಳಿದಳು: "ಒಂದ್ಮಾತು ಹೇಳಿ ಡಾಕ್ಟ್ರಮ್ಮ. ನಿಮ್ಗೂ ಗೊತ್ತಿರ್ಲಿಲ್ಲ ಅಲ್ವಾ, ಅದು ಅವಳ್ದು ಅಂತ? ನಂಬರು ಅದಲು ಬದಲಾಗಿತ್ತು, ಅಲ್ವಾ?"

"ಹೌದು ದೇವೀರಮ್ಮ" ಎಂದೆ. "ಗೊತ್ತಿರಲಿಲ್ಲ."

ಅವಳು ನನ್ನ ಕೈ ಹಿಡಿದುಕೊಂಡಳು. ನನ್ನನ್ನು ಸಮಾಧಾನ ಮಾಡುವವಳ ಹಾಗೆ ಮೆಲ್ಲಗೆ ತಟ್ಟಿದಳು. "ಹಂಗಾದ್ರೆ ಸರಿ ಕಣ್ರಮ್ಮ. ತಿಳಿದೂ ತಿಳಿದೂ ಅಂದಿದ್ರೆ ನನ್ನ ಕೈಲಿ ತಡ್ಕಳಕ್ಕಾಗ್ತಿರ್ಲಿಲ್ಲ" ಎಂದು ಎದ್ದು, ಸೆರಗು ಹೊದ್ದು, ಮಂಡಿಯ ಕಡೆ ಹೋದಳು. ನನ್ನ ಮಾತನ್ನು ಅವಳು ನಂಬಿದಳೋ, ನನಗೋಸ್ಕರ ನಂಬಿದ ಹಾಗೆ ಮಾಡಿದಳೋ, ಇವತ್ತಿಗೂ ನನಗೆ ತಿಳಿಯದು.