ಹೆಡ್‌ಮಾಸ್ತರರ ಮಾತು, ಮಗನ ಬಾಯಿ

2001ರ ವಸಂತ. ನಾನಾಗ ಅಮೆರಿಕದ ಓಕ್ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್. ಮಂಗಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದವಳು. ತೊದಲುವ ಮಕ್ಕಳಿಂದ ಹಿಡಿದು ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರ ತನಕ ಎಲ್ಲರೂ ನನ್ನ ಪಾಲಿಗೆ ಬರುತ್ತಿದ್ದರು. ನಮ್ಮ ವಾರ್ಡು ಮೇಲಿನ ಮಹಡಿಯಲ್ಲಿತ್ತು. ಮಧ್ಯಾಹ್ನ ಮಂಜು ಸರಿದಾಗ ಕಿಟಕಿಯಿಂದ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಕಂಟೇನರುಗಳು ಸದ್ದಿಲ್ಲದೆ ಗಾಳಿಯಲ್ಲಿ ತೇಲುತ್ತ ಬಂದು ಹಡಗಿಗೆ ಇಳಿಯುತ್ತಿದ್ದವು. ಅಷ್ಟು ದೂರದಿಂದ ನೋಡಿದರೆ ಅವಕ್ಕೆ ಭಾರವೇ ಇಲ್ಲವೇನೋ ಅನಿಸುತ್ತಿತ್ತು. ಊಟ ಮುಗಿಸಿ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಡುತ್ತಿದ್ದೆ.

ಕೊಲ್ಲಿಯ ಆಚೆ ದಡದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲವದು. ನಾಳೆ ಯಾರ ಕೆಲಸ ಇರುತ್ತದೆ, ಯಾರದು ಹೋಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಜನ ಹೆದರಿದಷ್ಟೂ ಗೋಡೆಗಳ ಮೇಲೆ ಸ್ಫೂರ್ತಿಯ ನುಡಿಗಳು ಹೆಚ್ಚಿದವು. ಲಿಫ್ಟಿನಲ್ಲಿ ಒಂದು, ಕಾಫಿ ಮಗ್ಗಿನ ಮೇಲೆ ಒಂದು, ಬೆಳಿಗ್ಗೆ ಮೇಲ್ ತೆಗೆದರೆ ಸೂರ್ಯೋದಯದ ಚಿತ್ರದ ಜೊತೆ ಇನ್ನೊಂದು. ನನಗಂತೂ ಅವನ್ನು ಕಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಊರಿಗೆಲ್ಲ ಹಂಚಲೆಂದು ಬರೆದ ಮಾತು ಒಬ್ಬನ ಹೊಟ್ಟೆಯನ್ನೂ ತುಂಬಿಸುವುದಿಲ್ಲ ಎಂದು ಗಂಡನ ಜೊತೆ ವಾದ ಮಾಡುತ್ತಿದ್ದೆ.

ಅಂಥ ದಿನಗಳಲ್ಲಿ ಅರವಿಂದ ಪಾಟೀಲರು ನಮ್ಮ ವಾರ್ಡಿಗೆ ಬಂದರು. ಗದಗಿನ ಕಡೆಯವರು, ವಯಸ್ಸು ನಲವತ್ತಾರು. ಇಂಟರ್ನೆಟ್ಟಿನಲ್ಲಿ ಹೂವು ಮಾರುವ ಒಂದು ಕಂಪನಿಯಲ್ಲಿ ಎಂಜಿನಿಯರುಗಳ ತಂಡ ನಡೆಸುತ್ತಿದ್ದರು. ಕಂಪನಿ ಮುಚ್ಚುತ್ತದೆ ಎಂಬ ಸುದ್ದಿ ಬಂದ ವಾರವೇ ಮೀಟಿಂಗಿನಲ್ಲಿ ಕೂತಲ್ಲೇ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಹೋದವು, ಜೊತೆಗೆ ಮಾತೂ ಹೋಯಿತು. ಇದಕ್ಕೆ ನಾವು ಅಫೇಸಿಯಾ ಎನ್ನುತ್ತೇವೆ: ನಾಲಿಗೆ ಆಡುತ್ತದೆ, ಮನಸ್ಸಿನಲ್ಲಿ ಹೇಳುವುದೂ ಇರುತ್ತದೆ, ಆದರೆ ಬೇಕಾದ ಪದ ಬೇಕಾದ ಹೊತ್ತಿಗೆ ಸಿಗುವುದಿಲ್ಲ.

ಆದರೆ ಪಾಟೀಲರು ಪೂರಾ ಮೌನವಾಗಿರಲಿಲ್ಲ. ಹೆಸರು ಕೇಳಿದರೆ ಬಾಯಿ ತೆರೆದು ತಡಕಾಡುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ, ಸ್ಪಷ್ಟವಾಗಿ, ಶಾಲೆಯ ಹುಡುಗನ ರಾಗದಲ್ಲಿ ಕನ್ನಡದ ಒಂದು ವಾಕ್ಯ ಹೇಳಿ ಸುಮ್ಮನಾಗುತ್ತಿದ್ದರು. ‘ಅಳಿಸಲು ಅಂಜದವನ ಅಕ್ಷರ ದುಂಡಾಗುತ್ತದೆ.’ ನನಗಿಂತ ಮೊದಲು ಅವರನ್ನು ನೋಡಿದ ಅಮೆರಿಕನ್ ಸಹೋದ್ಯೋಗಿ, ರೋಗಿ ಬಾಯಿಪಾಠದ ಸಾಲುಗಳನ್ನು ಹೇಳುತ್ತಾನೆ, ಅದರ ಹಿಂದೆ ಉದ್ದೇಶವಿಲ್ಲ ಎಂದು ಬರೆದಿದ್ದಳು. ಕನ್ನಡ ಬಲ್ಲವಳೆಂದು ಕೇಸು ನನಗೆ ಬಂತು.

ಆ ಸಾಲುಗಳ ಕಥೆ ಹೇಳಿದ್ದು ಅವರ ಹೆಂಡತಿ ಶೈಲಜಾ. ಪಾಟೀಲರ ತಂದೆ ಊರಿನ ಶಾಲೆಯ ಹೆಡ್‌ಮಾಸ್ತರರು. ದಿನಾ ಪ್ರಾರ್ಥನೆಯ ಹೊತ್ತಿಗೆ ಹಲಗೆಯ ಮೇಲೆ ‘ಇಂದಿನ ನುಡಿ’ ಬರೆಸಿ ಎಲ್ಲರಿಂದಲೂ ಹೇಳಿಸುತ್ತಿದ್ದರು. ಬೇರೆ ಎಲ್ಲ ಶಾಲೆಗಳೂ ದೊಡ್ಡವರ ಮಾತುಗಳನ್ನು ಬರೆಸಿದರೆ ಇವರು ತಾವೇ ಹೊಸೆದದ್ದನ್ನು ಬರೆಸುತ್ತಿದ್ದರು. ಬರೆಯುವ ಕೆಲಸ ಮಗನದು.

“ಇವು ನಮ್ಮ ಮಾವನವರ ಮಾತುರೀ ಅಕ್ಕಾರ,” ಎಂದಳು ಶೈಲಜಾ. “ಇವರದು ಅಂತ ಒಂದೂ ಇಲ್ಲ. ನಂಗ ಇವರ ಮಾತು ಬೇಕು. ತೀರಿಹೋದ ಮಾವನವರು ಹಾಸಿಗಿ ಮ್ಯಾಲೆ ಎದ್ದು ಕೂತು ಪಾಠ ಹೇಳಿದಂಗ ಆಗ್ತದ.”

ನಾನು ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ. ಎಣಿಕೆ, ಪ್ರಾರ್ಥನೆ, ಚಿಕ್ಕಂದಿನ ಬಾಯಿಪಾಠ ಇವೆಲ್ಲ ಮಾತು ಹೋದ ಮೇಲೂ ಉಳಿಯುವುದುಂಟು, ನಾವದನ್ನು ಆಟೋಮ್ಯಾಟಿಕ್ ಸ್ಪೀಚ್ ಎನ್ನುತ್ತೇವೆ, ಅದರಲ್ಲಿ ಅರ್ಥ ಹುಡುಕಬಾರದು ಎಂದೆ. ಅವಳು ತಲೆಯಾಡಿಸಿ ಗಂಡನ ಹೊದಿಕೆ ಸರಿಮಾಡಿದಳು.

ಅವಳಿಗಿದ್ದ ಆತಂಕ ಬೇರೆ. ಶುಕ್ರವಾರ ವಾರ್ಡಿನ ಮುಖ್ಯ ವೈದ್ಯೆ ಬಂದು ನೋಡಿ ತೀರ್ಮಾನ ಮಾಡುವವರಿದ್ದರು. ರೋಗಿ ತನಗೆ ಬೇಕಾದ್ದನ್ನು ಹೇಗಾದರೂ ತಿಳಿಸಬಲ್ಲ ಎಂದು ಕಂಡರೆ ನಮ್ಮದೇ ರಿಹ್ಯಾಬ್ ವಾರ್ಡಿನಲ್ಲಿ ಜಾಗ. ಅಲ್ಲಿ ದಿನವೂ ಥೆರಪಿ, ಚೇತರಿಸಿಕೊಳ್ಳುವ ಆಸೆ. ಇಲ್ಲವಾದರೆ ದೂರದ ಗಿಲ್‌ರಾಯ್ ಊರಿನ ಹತ್ತಿರದ ಒಂದು ನರ್ಸಿಂಗ್ ಹೋಮು. ಅಲ್ಲಿ ಊಟ, ಸ್ನಾನ, ಹಾಸಿಗೆ ಎಲ್ಲ ಉಂಟು, ಮಾತು ಕಲಿಸುವವರಿಲ್ಲ. ಸ್ಟ್ರೋಕ್ ಆದ ಮೊದಲ ತಿಂಗಳುಗಳು ಕೈತಪ್ಪಿದರೆ ಅವು ಮತ್ತೆ ಸಿಗುವುದಿಲ್ಲ. ಇದು ಶೈಲಜಾಗೂ ಗೊತ್ತಿತ್ತು.

ಮಂಗಳವಾರ ಮಧ್ಯಾಹ್ನ ನಾನು ಬಾಚಣಿಗೆ, ಚಮಚ, ಬೀಗದ ಕೈ ಇಟ್ಟುಕೊಂಡು ಒಂದೊಂದನ್ನೇ ತೋರಿಸಲು ಹೇಳುತ್ತಿದ್ದೆ. ಪಾಟೀಲರು ಚಮಚ ಎಂದರೆ ಬಾಚಣಿಗೆ ತೋರಿಸುತ್ತ ಬೆವರುತ್ತಿದ್ದರು. ಜಾಗ ಸಾಲದೆಂದು ನೀರಿನ ಲೋಟವನ್ನು ಪಕ್ಕದ ಕಿಟಕಿ ಕಟ್ಟೆಗೆ ಸರಿಸಿದೆ. ಅವರು ನನ್ನನ್ನೇ ದಿಟ್ಟಿಸಿ, “ಬಾವಿಗೆ ಹೋಗುವವನು ಹಗ್ಗ ಮರೆಯಬಾರದು,” ಎಂದರು. ಸರಿ, ಹೆಡ್‌ಮಾಸ್ತರರು ಬಂದರು ಎಂದುಕೊಂಡು ನಾನು ಬಾಚಣಿಗೆ ಎತ್ತಿದೆ. ಅವರು ಮತ್ತೆ ಅದನ್ನೇ ಹೇಳಿದರು, ಈ ಸಲ ಸ್ವಲ್ಪ ಸಿಟ್ಟಿನಿಂದ. ಮೂಲೆಯಲ್ಲಿ ಕೂತಿದ್ದ ಶೈಲಜಾ ಎದ್ದು ಬಂದು ಲೋಟ ಅವರ ಎಡಗೈಗೆ ಕೊಟ್ಟಳು. ಗಟಗಟ ಕುಡಿದರು.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕಾಕತಾಳೀಯ ಇರಬಹುದು ಎಂದೆ ನಾನು. ಓದಿದವರಿಗೆ ಈ ಪದ ಬಹಳ ಉಪಯೋಗಕ್ಕೆ ಬರುತ್ತದೆ.

ಸಂಜೆ ಶೈಲಜಾ ಮನೆಗೆ ಹೊರಡಲು ಬ್ಯಾಗು ಹೆಗಲಿಗೆ ಹಾಕಿದಳು. “ಗಂಟೆ ಬಾರಿಸುವ ತನಕ ಶಾಲೆ ಬಿಟ್ಟಿಲ್ಲ,” ಎಂದರು ಪಾಟೀಲರು. ಅವಳು ನಿಂತಳು. ಬ್ಯಾಗು ಕೆಳಗಿಟ್ಟಳು. ಅವರು ಕಣ್ಣು ಮುಚ್ಚಿಕೊಂಡರು. ಇಷ್ಟು ದಿನ ಅವಳು ಹೊರಟಾಗೆಲ್ಲ ಇದೇ ಸಾಲು ಬರುತ್ತಿತ್ತಂತೆ. ಮಾವನವರ ಶಿಸ್ತಿನ ಪಾಠ ಎಂದು ಅವಳು ಕಿವಿಗೇ ಹಾಕಿಕೊಂಡಿರಲಿಲ್ಲ.

“ಹೋಗಬ್ಯಾಡ ಅಂತಿದ್ರೇನ್ರೀ?” ಎಂದು ಅವರ ಕೆನ್ನೆ ಮುಟ್ಟಿ ಕೇಳಿದಳು. ಅವರ ಕಣ್ಣಿನ ಅಂಚು ಒದ್ದೆಯಾಯಿತು.

ಆಮೇಲಿನ ಎರಡು ಮಧ್ಯಾಹ್ನಗಳು ನೆನಪಿನಲ್ಲಿ ಅರೆನಿದ್ದೆಯ ಹಾಗೆ ಉಳಿದಿವೆ. ಕಿಟಕಿಯ ಬಿಳಿ ಬೆಳಕು, ಹೊರಗೆ ತೇಲುವ ಕಂಟೇನರುಗಳು, ಒಳಗೆ ಯಾವುದೋ ಕಾಲದ ಶಾಲೆಯಿಂದ ತೇಲಿಬರುವ ಸಾಲುಗಳು. ನಾವಿಬ್ಬರು ಹೆಂಗಸರು ಅವನ್ನು ಹಿಡಿಯಲು ಕಾದು ಕೂರುತ್ತಿದ್ದೆವು. ಹಿಡಿಯುವುದರಲ್ಲಿ ಶೈಲಜಾ ನನಗಿಂತ ಚುರುಕು. ಅಕ್ಷರ ಅಳಿಸುವ ಸಾಲೆಂದರೆ ‘ತಪ್ಪಿತು, ಇನ್ನೊಮ್ಮೆ ಕೇಳು’ ಎಂದು ಅವಳೇ ಕಂಡುಕೊಂಡಳು. ಕೆಲವು ಸಾಲುಗಳು ಮಾತ್ರ ಬರೀ ಸಾಲುಗಳೇ. ಸುಮ್ಮನೆ ಬಂದು ಹೋಗುತ್ತಿದ್ದವು. ಯಾವುದು ಯಾವುದೆಂದು ನನಗೆ ಪೂರಾ ನಂಬಿಕೆ ಇರಲಿಲ್ಲ. ವೈದ್ಯೆಗೆ ಹೇಗೆ ನಂಬಿಸುವುದು?

ಶುಕ್ರವಾರ ಅವರು ಬಂದರು. ನಿಷ್ಠುರದ ಹೆಂಗಸಲ್ಲ, ಆದರೆ ಅಳೆದು ತೂಗುವವರು. ಚಮಚ ತೋರಿಸಿ ಎಂದರು. ಪಾಟೀಲರು ಗಾಬರಿಯಲ್ಲಿ ಬಾಗಿಲು ತೋರಿಸಿದರು. ನಾನು ಸಾಲುಗಳ ವಿಷಯ ಹೇಳಿದೆ. ವೈದ್ಯೆ ಮೆಲ್ಲಗೆ, “ಹೆಂಡತಿಗೆ ಗಂಡ ಮಾತಾಡಿದ ಹಾಗೆ ಕೇಳಿಸುವುದು ಸಹಜ. ನೀರು ಆಚೆ ಹೋದದ್ದನ್ನು ಕಂಡವರಿಗೆ ಅವರು ನೀರು ಕೇಳಿದಂತೆಯೇ ಕೇಳಿಸುತ್ತದೆ,” ಎಂದರು. ಮಾತು ನ್ಯಾಯವಾಗಿತ್ತು.

ಆಗ ಶೈಲಜಾ ನನ್ನ ಕಡೆ ತಿರುಗಿದಳು. “ಹಂಗಾದ್ರ ನಾನು ನೋಡೂದೇ ಇಲ್ಲ ಅಂತ ಹೇಳ್ರೀ ಅಕ್ಕಾರ. ಬೆನ್ನು ಮಾಡಿ ನಿಲ್ತೀನಿ.” ಹೋಗಿ ಕಿಟಕಿಗೆ ಮುಖ ಮಾಡಿ ನಿಂತಳು. ಹೊರಗೆ ಇನ್ನೂ ಮಂಜಿತ್ತು, ಗಾಜಿನಲ್ಲಿ ಏನೂ ಕಾಣುವಂತಿರಲಿಲ್ಲ.

ವೈದ್ಯೆ ಒಪ್ಪಿದರು. ಸದ್ದು ಮಾಡದೆ ನೀರಿನ ಲೋಟ ತೆಗೆದು ದೂರ ಹಿಡಿದರು. ಪಾಟೀಲರಿಂದ ಬಾವಿ, ಹಗ್ಗದ ಸಾಲು ಬಂತು. “ನೀರು,” ಎಂದಳು ಶೈಲಜಾ. ವೈದ್ಯೆ ಹೊದಿಕೆ ಎಳೆದರು. ಪಾಟೀಲರು ತುಟಿ ಆಡಿಸಿದರು, ಮಾತು ಬರಲಿಲ್ಲ. ದಿಂಬು ಸರಿಸಿದರು. ಆಗಲೂ ಇಲ್ಲ. ಒಂದು ಸಲ ನೀರು ಎಂದದ್ದನ್ನು ಯಾರಾದರೂ ಅದೃಷ್ಟ ಎಂದೇ ಹೇಳುತ್ತಾರೆ. ವೈದ್ಯೆ ಕೈ ಕಟ್ಟಿ ಹಿಂದೆ ಸರಿದು ನಿಂತರು, ನನ್ನ ಕಡೆ ನೋಡಿ ಇಲ್ಲವೆಂಬಂತೆ ತಲೆಯಾಡಿಸಿದರು. ಪರೀಕ್ಷೆ ಮುಗಿದಿತ್ತು. ಯಾರೂ ಏನೂ ಮಾಡುತ್ತಿರಲಿಲ್ಲ.

ಆಗ ಪಾಟೀಲರು ಬಾಯಿ ತೆರೆದರು. ನಾವು ಯಾರೂ ಅವರ ಬಾಯಲ್ಲಿ ಅಲ್ಲಿವರೆಗೆ ಕೇಳದ ಸಾಲು: “ಮುಂದೆ ಕೂತವನು ಹಿಂದಿನವನಿಗೆ ಹಲಗೆ ಮರೆಮಾಡಬಾರದು.”

ಶೈಲಜಾಳ ಬೆನ್ನು ಅಲುಗಾಡಲಿಲ್ಲ. ನಾನು ತಲೆ ಕೆಡಿಸಿಕೊಂಡೆ: ಹಲಗೆ ಎಲ್ಲಿದೆ, ಯಾರು ಅಡ್ಡ ನಿಂತಿದ್ದಾರೆ?

“ಇದು ನಂಗ ಹೇಳಿದ್ದು,” ಎಂದಳು, ಕಿಟಕಿಗೇ. “ಈ ಕಡೆ ತಿರುಗು ಅಂತಾರ. ನನ್ನ ಮಾರಿ ಕಾಣಸವಲ್ದಂತ ಅವರಿಗೆ.”

ತಿರುಗಿದಳು. ಪಾಟೀಲರ ಮುಖದ ಒಂದು ಬದಿ ನಕ್ಕಿತು. ಇನ್ನೊಂದು ಬದಿಗೆ ನಗಲು ಶಕ್ತಿ ಇರಲಿಲ್ಲ. ನಾನು ವೈದ್ಯೆಗೆ ಅನುವಾದಿಸಲು ಹೋದೆ, ಅವರು ಬೇಡವೆಂದು ಕೈ ಮಾಡಿದರು. ಸೋಮವಾರವೇ ರಿಹ್ಯಾಬ್ ವಾರ್ಡಿನಲ್ಲಿ ಹಾಸಿಗೆ ಸಿಕ್ಕಿತು.

ಮಾತು ಮರಳಿದ್ದು ನಿಧಾನವಾಗಿ, ಅದೂ ತುಂಡು ತುಂಡಾಗಿ. ಅಷ್ಟರಲ್ಲಿ ಹೂವಿನ ಕಂಪನಿ ಮುಚ್ಚಿತ್ತು. ಚಳಿಗಾಲದಲ್ಲಿ ಅವರು ಕೋಲೂರಿ ನಡೆದುಕೊಂಡು ನನ್ನ ರೂಮಿಗೆ ಬಂದು, “ಶೈಲಾ... ಚಹಾ... ತಂದಾಳ,” ಎಂದರು. ಸಣ್ಣ ವಾಕ್ಯ, ಅವರದೇ. ಶೈಲಜಾ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತ ನಕ್ಕಳು. “ಈಗ ಮಾತಾಡ್ತಾರ್ರೀ. ಆದ್ರ ನನ್ನ ಜೋಡಿ ಜಗಳ ಬಂದಾಗ ಮಾತ್ರ ಇನ್ನೂ ಮಾವನವರನ್ನ ಕರೀತಾರ.”

ಆ ಕೇಸಿನ ನಂತರ ನಾನು ಬಹಳ ವರ್ಷ ಇದೇ ಕೆಲಸ ಮಾಡಿದೆ. ಬಾಯಿಪಾಠದ ಮಾತು ಬಂದಾಗ ಅದಕ್ಕೆ ಅರ್ಥವಿದೆಯೇ ಎಂದು ಯೋಚಿಸುವುದನ್ನು ಬಿಟ್ಟು, ಅದನ್ನು ಯಾರಿಗೆ ಹೇಳಿದರು ಎಂದು ಮೊದಲು ನೋಡುವುದನ್ನು ಕಲಿತೆ. ಆ ಹೆಡ್‌ಮಾಸ್ತರರು ಹಲಗೆ ಮರೆಮಾಡಬಾರದೆಂಬ ಸಾಲನ್ನು ಬರೆಸಿದ್ದು ಬೆಂಚಿನ ಮೇಲೆ ಎದ್ದು ನಿಲ್ಲುವ ತುಂಟರಿಗಾಗಿ. ಅವರ ಮಗನಿಗೆ ಅದರಿಂದ ಬೇಕಾಗಿದ್ದದ್ದು ಹೆಂಡತಿಯ ಮುಖ, ಅಷ್ಟೇ.